ಎರಡಾಳು ನೀರಿನ ಒತ್ತಡ

ಶಿವಮೊಗ್ಗದ ನೆಹರೂ ಕ್ರೀಡಾಂಗಣದಲ್ಲಿ ಬೆಳಗಿನ ಓಟ ಮುಗಿಸಿ ಟೀ ಕುಡಿಯುವವರ ನಡುವೆ ‘ಆಕ್ಸಿಜನ್ ಚೇಂಬರ್’ ಮಾತು ಬಂತು, ಅಂದರೆ ಒತ್ತಡ ಏರಿಸಿದ ಗಾಳಿ ಇಲ್ಲವೇ ಆಮ್ಲಜನಕದಲ್ಲಿ ಮಲಗಿಸುವ ಗೂಡು. ಒಂದು ತಾಸು ಒಳಗೆ ಮಲಗಿದರೆ ಹಾರ್ಟ್ ಗಟ್ಟಿಯಾಗುತ್ತದೆ, ದಮ್ಮು ಹೆಚ್ಚುತ್ತದೆ ಅಂತ ಒಬ್ಬರು. ಅದು ಸಮುದ್ರದ ಡೈವರ್‌ಗಳಿಗೆ ಕೊಡುವ ಚಿಕಿತ್ಸೆ ಮಾರಾಯ್ರೆ ಅಂತ ಇನ್ನೊಬ್ಬರು. ಡೈವರ್‌ಗಳ ಹೆಚ್ಚು ಒತ್ತಡದ ಯಂತ್ರ ಬೇರೆ, ಸ್ಪಾ, ಜಿಮ್‌ಗಳ ‘ಮೈಲ್ಡ್’ ಯಂತ್ರ ಬೇರೆ. ಗೋಜಲು ಶುರುವಾಗುವುದೇ ಇಲ್ಲಿ.

ಒತ್ತಡದ ಗಾಳಿಯಿಂದ ರೋಗ ವಾಸಿ ಮಾಡುವ ಆಸೆ 1662ರ ಇಂಗ್ಲೆಂಡಿನಷ್ಟು ಹಳತು. 1928ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ ಉಕ್ಕಿನ ಗೋಳದಂಥ ಆಸ್ಪತ್ರೆಯೇ ಎದ್ದು, ಕೊನೆಗೆ ಗುಜರಿ ಸೇರಿತು. ಮರ್ಯಾದೆ ಬಂದಿದ್ದು 1960ರ ಸುಮಾರಿಗೆ. ಆಮ್‌ಸ್ಟರ್‌ಡ್ಯಾಮಿನ ಶಸ್ತ್ರಚಿಕಿತ್ಸಕ ಬೋರೆಮಾ ಹಂದಿಮರಿಗಳ ರಕ್ತವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು ಬೇರೆ ದ್ರವ ತುಂಬಿದರು. ವಾತಾವರಣದ 3 ಪಟ್ಟು ಒತ್ತಡದಲ್ಲಿ ಆಮ್ಲಜನಕ ಉಸಿರಾಡುತ್ತ ಅವು ಬದುಕಿದ್ದವು.

‘ಮೈಲ್ಡ್’, ಅಂದರೆ ಸೌಮ್ಯ ಚೇಂಬರಿನ ಒತ್ತಡ ವಾತಾವರಣದ ಬರೀ 1.3 ಪಟ್ಟು. ಇದರ ಬಂಧು 1980ರ ದಶಕದ ಗ್ಯಾಮೋ ಚೀಲ. ಎತ್ತರದ ಪರ್ವತದಲ್ಲಿ ಅಸ್ವಸ್ಥರಾದವರನ್ನು ಒಳಗೆ ಮಲಗಿಸಿ ಗಾಳಿ ಹೊಡೆದರೆ ಸಾವಿರಾರು ಅಡಿ ಕೆಳಗಿಳಿಸಿದಂತೆ. ಪರ್ವತದಲ್ಲಿ ಅದು ಪ್ರಾಣ ಉಳಿಸುವ ಚೀಲವೇ. ಅಂಥದ್ದೇ ಊರಿಗಿಳಿದು ಸ್ಪಾ, ಜಿಮ್ ಸೇರಿದಾಗ ಲೆಕ್ಕ ಬದಲಾಯಿತು.

ಆಗುಂಬೆ ಘಾಟಿ ಇಳಿದು ಸೋಮೇಶ್ವರ ಮುಟ್ಟುವಷ್ಟರಲ್ಲಿ ಕಿವಿ ಕಟ್ಟುತ್ತದಲ್ಲ, ಅದೂ ಒತ್ತಡ ಏರಿದ್ದಕ್ಕೇ. ಚೇಂಬರಿನದು ಅದರ ನಾಲ್ಕೈದು ಪಟ್ಟು. ತುಂಗೆಯ ಮಡುವಿನಲ್ಲಿ ಎರಡಾಳು ಆಳ ಮುಳುಗಿದಷ್ಟು. ಒಳಗಿರುವುದು ಮಾಮೂಲಿ ಗಾಳಿಯಾದರೆ, ಶೇ 27ರಷ್ಟು ಆಮ್ಲಜನಕವಿರುವ ಗಾಳಿಯನ್ನು ಹೊರಗೆ ಕೂತು ಉಸಿರಾಡಿದ್ದಕ್ಕೆ ಸಮ. ಆಸ್ಪತ್ರೆಯ ಸಾದಾ ಮಾಸ್ಕ್ ಇದಕ್ಕಿಂತ ಜಾಸ್ತಿ ಕೊಡುತ್ತದೆ.

2001ರಲ್ಲಿ ಕೆನಡಾದಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಕೈಕಾಲುಗಳ ಹಿಡಿತ ತಪ್ಪುವ ಸ್ಥಿತಿ) ಇರುವ 111 ಮಕ್ಕಳ ಮೇಲೆ ನಡೆದ ಪ್ರಯೋಗದಲ್ಲಿ ಈ 1.3 ಪಟ್ಟಿನ ಗಾಳಿಯನ್ನು ಹೋಲಿಕೆಗಾಗಿ ಇಟ್ಟಿದ್ದರು. ಹೆಚ್ಚು ಒತ್ತಡದ ಆಮ್ಲಜನಕ ಪಡೆದವರೂ, ಬರೀ ಗಾಳಿ ಪಡೆದವರೂ ಸಮಸಮ ಸುಧಾರಿಸಿದರು. ಹಾಗಾದರೆ ಗಾಳಿಯೂ ಔಷಧಿಯೇ ಎಂದರು ಕೆಲವರು. ಎರಡೂ ಔಷಧಿಯಲ್ಲ, ಆರೈಕೆಯ ಫಲ ಎಂದರು ಮತ್ತೆ ಕೆಲವರು. ಆ ಜಗಳವೇ ಇವತ್ತಿಗೂ ಬೇರೆ ಬೇರೆ ವೇಷದಲ್ಲಿ ನಡೆದಿದೆ.

ಇನ್ನು ಓಟಗಾರರ ವಿಷಯ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿಕೊಂಡ ಆಕ್ಸಿಮೀಟರ್ ನೆನಪಿಸಿಕೊಳ್ಳಿ: ಆರೋಗ್ಯವಂತರಿಗೆ 97, 98. ತುಂಬಿದ ಕೊಡಕ್ಕೆ ಇನ್ನೆಷ್ಟು ಸುರಿಯುವುದು? ದಮ್ಮು ನಿಂತಿರುವುದು ಮುಖ್ಯವಾಗಿ ಹೃದಯ ಎಷ್ಟು ರಕ್ತ ತಳ್ಳುತ್ತದೆ ಎಂಬುದರ ಮೇಲೆ. ಆಮ್ಲಜನಕ ಹೆಚ್ಚಾದಾಗ ನಾಡಿ ತುಸು ನಿಧಾನವಾಗುವುದು, ರಕ್ತನಾಳ ಬಿಗಿಯಾಗುವುದು ನಿಜ. ವಾಚಿನಲ್ಲಿ ಅದನ್ನು ನೋಡಿ ಹಾರ್ಟ್ ಪಳಗಿತು ಅಂದುಕೊಳ್ಳುವುದುಂಟು. ವರ್ಷಗಟ್ಟಲೆ ಓಡಿದವರ ನಾಡಿ ಇಳಿಯುವುದು ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ಹೊಮ್ಮುವುದರಿಂದ. ಚೇಂಬರಿನಲ್ಲಿ ರಕ್ತಕ್ಕೆ ಸೇರಿದ ಹೆಚ್ಚುವರಿ ಆಮ್ಲಜನಕವೋ, ಬೈಕ್ ಹತ್ತಿ ಮೈದಾನಕ್ಕೆ ಬರುವಷ್ಟರಲ್ಲಿ ಖಾಲಿ.