ಕಿವಿಗಲ್ಲು ಗಾಜಾಗುವುದು ಯಾಕೆ?

ಮೀನಿಗೆ ಹೊರಗಿವಿ ಇಲ್ಲ. ಆದರೆ ಬುರುಡೆಯ ಒಳಗೆ ಒಂದೊಂದು ಬದಿಗೆ ಮೂರರಂತೆ ಆರು ಪುಟ್ಟ ಕಲ್ಲುಗಳಿವೆ. ಇವೇ ಕಿವಿಗಲ್ಲು. ಸಾಕಿದ ಮೀನುಗಳಲ್ಲಿ ಈ ಕಲ್ಲು ಕೆಡುತ್ತಿದೆ, ಮೀನು ಅರೆಕಿವುಡಾಗುತ್ತಿದೆ ಎಂಬ ಸುದ್ದಿ ಕೆಲವು ವರ್ಷಗಳಿಂದ ಓಡಾಡುತ್ತಿದೆ. ಬೆಳಕು ಕಾರಣ, ಮೇವು ಕಾರಣ, ತಳಿ ಕಾರಣ ಅಂತ ಒಂದೊಂದು ಕಡೆ ಒಂದೊಂದು ಮಾತು. ಗೋಜಲು ಬಿಡಿಸಲು ಸ್ವಲ್ಪ ಹಿಂದೆ ಹೋಗಬೇಕು.

1899ರಲ್ಲಿ ಜರ್ಮನಿಯ ಯೊಹಾನೆಸ್ ರೈಬಿಷ್ ಪ್ಲೇಸ್ ಎಂಬ ಚಪ್ಪಟೆ ಮೀನಿನ ಕಿವಿಗಲ್ಲಿನ ಉಂಗುರ ಎಣಿಸಿ ವಯಸ್ಸು ಹೇಳಿದರು. ಅಲ್ಲಿಂದ ಎಷ್ಟೋ ದಶಕ ಈ ಕಲ್ಲು ಅಂದರೆ ಮೀನಿನ ಜಾತಕ, ಅಷ್ಟೇ. 1971ರಲ್ಲಿ ಜಾರ್ಜೊ ಪನ್ನೆಲ್ಲಾ ದಿನಕ್ಕೊಂದರಂತೆ ಮೂಡುವ ಗೆರೆಗಳನ್ನೂ ತೋರಿಸಿದರು.

ಈ ಎಣಿಕೆಗೆ ಕೆಲವು ಕಲ್ಲುಗಳು ಅಡ್ಡ ಬರುತ್ತಿದ್ದವು. ಸಾಲ್ಮನ್ ಎಂಬ ಮೀನಿನ ತಲೆ ಸೀಳಿ, ಚಿಮಟದಲ್ಲಿ ದೊಡ್ಡ ಜೋಡಿ ಕಲ್ಲು ತೆಗೆದು ಕಪ್ಪು ತಟ್ಟೆಯ ಮೇಲಿಟ್ಟಿದ್ದೀರಿ ಅಂದುಕೊಳ್ಳಿ. ಒಂದು ಹಾಲಿನಂತೆ ಬೆಳ್ಳಗಿದೆ, ಉಂಗುರ ಎದ್ದು ಕಾಣುತ್ತದೆ. ಇನ್ನೊಂದು ಗಾಜಿನ ಚೂರು. ಬೆಳಕು ಆಚೆಗೆ ತೂರುತ್ತದೆ, ಅಂಚು ಒರಟು, ಉಂಗುರ ಹುಡುಕಿದರೂ ಸಿಗದು. ಒಂದೇ ಮೀನು, ಎಡಗಡೆ ಒಂದು ಥರ, ಬಲಗಡೆ ಇನ್ನೊಂದು ಥರ! ವಯಸ್ಸು ಎಣಿಸುವವರಿಗೆ ಇದು ಸುಮ್ನೆ ಕೆಲಸಕ್ಕೆ ಬಾರದ ಕಲ್ಲು. ಮೀನಿಗೆ ಇದರಿಂದ ಏನಾಗುತ್ತದೆ ಎಂಬ ಪ್ರಶ್ನೆ ಏಳಲು ಇಷ್ಟು ತಡವಾಗಿದ್ದು ನನಗಂತೂ ಈಗಲೂ ಸೋಜಿಗ.

ಎರಡೂ ಕ್ಯಾಲ್ಸಿಯಂ ಕಾರ್ಬೊನೇಟೇ. ಇಟ್ಟಿಗೆ ಒಂದೇ, ಜೋಡಿಸಿದ ಬಗೆ ಬೇರೆ. ದೊಡ್ಡ ಜೋಡಿ ಅರಗೊನೈಟ್ ರೂಪದಲ್ಲಿ ಇರಬೇಕು. ಕೆಟ್ಟದ್ದು ವ್ಯಾಟರೈಟ್ ಆಗಿರುತ್ತದೆ. ವಿಚಿತ್ರ ಅಂದರೆ, ಪಕ್ಕದ ಇನ್ನೊಂದು ಪುಟ್ಟ ಜೋಡಿ ಹುಟ್ಟಾ ವ್ಯಾಟರೈಟ್. ಅಂದರೆ ಇದು ಮೀನಿಗೆ ಗೊತ್ತಿಲ್ಲದ ವಿದ್ಯೆಯಲ್ಲ, ಇರಬಾರದ ಕಡೆ ಬಂದಿದೆ, ಅಷ್ಟೆ. ಯಾವುದು ಎಲ್ಲಿ ಕೂರಬೇಕು ಅಂತ ತೀರ್ಮಾನಿಸುವುದರಲ್ಲಿ ಪ್ರೋಟೀನ್‌ಗಳ ಕೈವಾಡವಿದೆ. 2003ರಲ್ಲಿ ಜೀಬ್ರಾಮೀನಿನ ಸ್ಟಾರ್‌ಮೇಕರ್ ಎಂಬ ಜೀನಿನ ಕೆಲಸ ತಗ್ಗಿಸಿ ನೋಡಿದರು. ಅರಗೊನೈಟ್ ಬದಲು ಕ್ಯಾಲ್ಸೈಟ್ ಎಂಬ ಮೂರನೇ ರೂಪ ಬಂತು, ಕಲ್ಲು ನಕ್ಷತ್ರದ ಆಕಾರ ತಳೆಯಿತು.

ಕೆಟ್ಟ ಕಲ್ಲುಗಳೂ ಸಾಮಾನ್ಯವಾಗಿ ಒಳ್ಳೆಯದಾಗಿಯೇ ಶುರುವಾಗಿರುತ್ತವೆ. ನಡುವಿನಲ್ಲಿ ಅರಗೊನೈಟ್, ಯಾವುದೋ ಒಂದು ದಿನದಿಂದ ಸುತ್ತಲೂ ವ್ಯಾಟರೈಟ್. ಒಮ್ಮೆ ಹಳಿ ತಪ್ಪಿದರೆ ಮತ್ತೆ ಹಳಿಗೆ ಬರುವುದು ಅಪರೂಪ.

ಇನ್ನು ಕೇಳುವ ವಿಷಯ. ಮೀನಿನ ಮೈ ಹೆಚ್ಚುಕಮ್ಮಿ ನೀರಿನಷ್ಟೇ ಸಾಂದ್ರ. ಹಾಗಾಗಿ ಸದ್ದು ಬಂದಾಗ ನೀರಿನ ಜೊತೆಗೇ ಅಲುಗುತ್ತದೆ. ಭಾರದ ಕಲ್ಲು ಮಾತ್ರ ಹಿಂದೆ ಬೀಳುತ್ತದೆ. ಆ ಎಳೆದಾಟಕ್ಕೆ ಕಲ್ಲಿನ ಕೆಳಗಿರುವ ಸೂಕ್ಷ್ಮ ರೋಮಗಳು ಬಾಗಿದಾಗ ಮೀನಿಗೆ ಕೇಳುತ್ತದೆ. ವ್ಯಾಟರೈಟ್ ಹಗುರ. ಕಲ್ಲು ಸಾಕಷ್ಟು ಹಿಂದೆ ಬೀಳುವುದಿಲ್ಲ. 2007ರಲ್ಲಿ ಹ್ಯಾಚರಿಯಲ್ಲಿ, ಅಂದರೆ ಮೊಟ್ಟೆಯಿಂದ ಮರಿ ಮಾಡಿಸಿ ಸಾಕುವ ಕೇಂದ್ರದಲ್ಲಿ, ಬೆಳೆದ ಚಿನೂಕ್ ಸಾಲ್ಮನ್‌ಗಳ ಮೇಲೆ ನಡೆದ ಅಧ್ಯಯನ ಇಂಥ ಮೀನುಗಳಿಗೆ ಕಮ್ಮಿ ಕೇಳುತ್ತದೆ ಎಂದು ತೋರಿಸಿತು.

2016ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ತಂಡ ನಾರ್ವೆಯ ಸಾಲ್ಮನ್‌ಗಳನ್ನು ನೋಡಿತು. ತಾನಾಗಿ ಬೆಳೆದವಕ್ಕಿಂತ ಸಾಕಿದವುಗಳಲ್ಲಿ ಈ ತೊಂದರೆ ಹತ್ತು ಪಟ್ಟು ಜಾಸ್ತಿ. ಕೇಳುವ ಶಕ್ತಿ ಅರ್ಧದವರೆಗೂ ಕುಗ್ಗಬಹುದು ಎಂಬುದು ಅವರ ಅಂದಾಜು. ಮಾರನೇ ವರ್ಷ ಅದೇ ತಂಡ ಬೆಳೆಯುವ ವೇಗದತ್ತ ಬೆರಳು ತೋರಿಸಿತು. ವಯಸ್ಸು ಒಂದೇ ಇದ್ದರೂ, ಅತಿ ನಿಧಾನದ ಮೀನಿಗಿಂತ ಅತಿ ವೇಗದ ಮೀನಿನಲ್ಲಿ ಇದು ಮೂರು ಪಟ್ಟು ಹೆಚ್ಚು.

ಇಲ್ಲಿಗೆ ಬಂದರೆ ಮೊದಲಿನ ಜಗಳ ಅರ್ಧ ಕರಗುತ್ತದೆ. ರಾತ್ರಿಯೂ ಬೆಳಕು ಹಾಕುವುದು, ಹೊಟ್ಟೆ ತುಂಬ ಮೇವು, ಬೇಗ ಬಲಿಯುವ ತಳಿ ಎಲ್ಲವೂ ಅವಸರದ ಬೇರೆ ಬೇರೆ ಹೆಸರು, ಅಲ್ವಾ? ಮೀನಿಗೆ ಅವಸರ ಇರಲಿಲ್ಲ. ಆದರೆ ನಿಧಾನ ಮಾಡಿದರೆ ಸಾಕುವ ದಿನ ಹೆಚ್ಚುತ್ತದೆ, ಖರ್ಚೂ ಹೆಚ್ಚುತ್ತದೆ.

ಪಂಜರದ ಮೀನಿಗೆ ಕಿವಿ ಯಾಕೆ ಅಂತ ನೀವು ಕೇಳಬಹುದು. ಆದರೆ ಸಂತತಿ ಹೆಚ್ಚಿಸಲೆಂದು ಹ್ಯಾಚರಿಯಿಂದ ನದಿಗೆ ಬಿಡುವ ಮರಿಗಳೂ ಇವೆ. ಹೊಳೆಯಲ್ಲೇ ಹುಟ್ಟಿದ ಮರಿಗಳಷ್ಟು ಅವು ಬದುಕಿ ಉಳಿಯುವುದಿಲ್ಲ ಎಂಬ ಕೊರಗು ಹಳೆಯದು. ಅದಕ್ಕೆ ಕಾರಣಗಳು ಹಲವು. ಬೇಟೆಗೆ ಬರುವ ಮೀನಿನ ಸದ್ದು ಕಿವಿಗೆ ಬೀಳದಿರುವುದೂ ಅವುಗಳಲ್ಲಿ ಒಂದಿರಬಹುದು.