ಆಲಿವ್ ಎಣ್ಣೆ ಕೊಳ್ಳುವಾಗ ಮೊದಲು ವಯಸ್ಸು ಕೇಳಿ

ಬಾಟಲಿ ಕೈಗೆತ್ತಿಕೊಂಡವರು ಮೊದಲು ಅದನ್ನು ತಿರುಗಿಸಿ ಬೆನ್ನು ನೋಡಬೇಕು. ಮುಂದಿನ ಲೇಬಲ್‌ನಲ್ಲಿ ಇರುವುದು ಮಾರುವವರ ಮಾತು. ಎಣ್ಣೆಯ ಜಾತಕ ಇರುವುದು ಹಿಂದೆ, ಸಣ್ಣ ಅಕ್ಷರದಲ್ಲಿ. ಅಲ್ಲಿ ಹುಡುಕಬೇಕಾದದ್ದು ಕಾಯಿ ಕೊಯ್ದ ತಿಂಗಳು ಮತ್ತು ವರ್ಷ. ಅದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಸಿಗದಿದ್ದರೆ ಉಳಿದ ಹೊಗಳಿಕೆಯನ್ನೆಲ್ಲ ಸ್ವಲ್ಪ ಅನುಮಾನದಿಂದಲೇ ಓದಬೇಕಾಗುತ್ತದೆ.

ಇದಕ್ಕೆ ಕಾರಣವಿದೆ. ನಾವು ಬಳಸುವ ಎಣ್ಣೆಗಳಲ್ಲಿ ಹೆಚ್ಚಿನವು ಒಣಗಿದ ಬೀಜದಿಂದ ಬಂದವು. ಆಲಿವ್ ಎಣ್ಣೆಯ ಬಹುಪಾಲು ಇರುವುದು ಹಸಿ ಹಣ್ಣಿನ ತಿರುಳಿನಲ್ಲಿ. ಸಂಸ್ಕರಿಸದ ಒಳ್ಳೆಯ ಆಲಿವ್ ಎಣ್ಣೆಯೆಂದರೆ ನೀರು ಬೇರ್ಪಡಿಸಿದ ಹಣ್ಣಿನ ರಸವೇ. ಗಾಣದಿಂದ ಹೊರಬಂದ ದಿನವೇ ಅದರ ಇಳಿಗಾಲ ಶುರು. ಇಟ್ಟಷ್ಟೂ ಒಳ್ಳೆಯದಾಗುವುದು ದ್ರಾಕ್ಷಾರಸದ ಗುಣ, ಈ ಎಣ್ಣೆಯದಲ್ಲ.

'ಇಂಥ ದಿನಾಂಕದೊಳಗೆ ಬಳಸಿ' ಎಂದು ಅಚ್ಚಾದ ದಿನಾಂಕವನ್ನು ನೋಡಿ ನೆಮ್ಮದಿಪಡುವವರೇ ಹೆಚ್ಚು. ಆದರೆ ಆ ದಿನಾಂಕವನ್ನು ಸಾಮಾನ್ಯವಾಗಿ ಬಾಟಲಿಗೆ ತುಂಬಿದ ದಿನದಿಂದ ಎಣಿಸುತ್ತಾರೆ, 18ರಿಂದ 24 ತಿಂಗಳು ಸೇರಿಸಿ. ನವೆಂಬರ್‌ನಲ್ಲಿ ಕಾಯಿ ಕೊಯ್ದು ಅರೆದು, ಎಣ್ಣೆಯನ್ನು ಟ್ಯಾಂಕಿನಲ್ಲಿಟ್ಟು, ಮುಂದಿನ ಅಕ್ಟೋಬರ್‌ನಲ್ಲಿ ಬಾಟಲಿಗೆ ತುಂಬಿದರೆಂದು ಇಟ್ಟುಕೊಳ್ಳಿ. ಅಲ್ಲಿಂದ 24 ತಿಂಗಳು ಎಣಿಸಿದರೆ, ಗಡುವಿನ ಹಿಂದಿನ ದಿನ ಕೊಂಡ ಎಣ್ಣೆಗೆ ಹತ್ತಿರಹತ್ತಿರ ಮೂರು ವರ್ಷ ತುಂಬಿರುತ್ತದೆ. ಲೇಬಲ್ ಸುಳ್ಳು ಹೇಳಿಲ್ಲ, ಆದರೆ ಎಣ್ಣೆ ಮುದಿಯಾಗಿದೆ. ಕೊಯ್ಲಿನಿಂದ ಒಂದು ವರ್ಷದೊಳಗಿನದನ್ನೇ ಹುಡುಕಿ. ಚೆನ್ನಾಗಿ ಕಾಪಾಡಿದ್ದಾದರೆ ಒಂದೂವರೆ ವರ್ಷದವರೆಗೂ ಒಪ್ಪಬಹುದು. ಕೊಯ್ಲಿನ ದಿನಾಂಕವೇ ಇಲ್ಲದಿದ್ದರೆ, ಬಳಕೆಯ ಗಡುವು ಇನ್ನೂ ಒಂದೂವರೆ ವರ್ಷಕ್ಕಿಂತ ದೂರವಿರುವ ಬಾಟಲಿಯನ್ನು ಆರಿಸಿಕೊಳ್ಳುವುದು ಎರಡನೆಯ ದಾರಿ.

ಭೂಮಧ್ಯರೇಖೆಯ ಉತ್ತರಕ್ಕಿರುವ ಸ್ಪೇನ್, ಇಟಲಿ, ಗ್ರೀಸ್, ಟ್ಯುನೀಷಿಯಾ, ಟರ್ಕಿಗಳಲ್ಲಿ ಕೊಯ್ಲು ಮುಖ್ಯವಾಗಿ ಅಕ್ಟೋಬರ್‌ನಿಂದ ಜನವರಿವರೆಗೆ. ಆಸ್ಟ್ರೇಲಿಯಾ, ಚಿಲಿ, ಅರ್ಜೆಂಟೀನಾ, ದಕ್ಷಿಣ ಆಫ್ರಿಕಾಗಳಲ್ಲಿ ಏಪ್ರಿಲ್‌ನಿಂದ ಜೂನ್ ಆಸುಪಾಸು. ಹಾಗಾಗಿ ವರ್ಷದ ಮೊದಲ ಭಾಗದಲ್ಲಿ ಮೆಡಿಟರೇನಿಯನ್ ಎಣ್ಣೆ ಹೊಸದು; ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ದಕ್ಷಿಣಾರ್ಧಗೋಳದ್ದು ಹೊಸದು. ಒಂದೇ ಬ್ರ್ಯಾಂಡಿಗೆ ಅಂಟಿಕೊಳ್ಳದೆ ತಿಂಗಳಿಗೆ ತಕ್ಕಂತೆ ದೇಶ ಬದಲಿಸುವವರಿಗೆ ವರ್ಷವಿಡೀ ತಾಜಾ ಎಣ್ಣೆ ಸಿಗುತ್ತದೆ.

ಇನ್ನು ದರ್ಜೆಯ ಮಾತು. 'ಎಕ್ಸ್‌ಟ್ರಾ ವರ್ಜಿನ್' ಎಂದರೆ ಯಂತ್ರದ ಬಲದಿಂದ ಮಾತ್ರ, ರಾಸಾಯನಿಕವಿಲ್ಲದೆ ತೆಗೆದ ಎಣ್ಣೆ. ಅಂತರರಾಷ್ಟ್ರೀಯ ಆಲಿವ್ ಮಂಡಳಿಯ ಮಾನದಂಡದ ಪ್ರಕಾರ ಅದರ ಮುಕ್ತ ಆಮ್ಲೀಯತೆ ಶೇ. 0.8 ಮೀರಬಾರದು, ಗಾಳಿ ತಾಗಿ ಎಣ್ಣೆ ಕೆಡಲು ಶುರುವಾದದ್ದನ್ನು ಅಳೆಯುವ ಪೆರಾಕ್ಸೈಡ್ ಮೌಲ್ಯ 20ನ್ನು ದಾಟಬಾರದು. ಜೊತೆಗೆ ತರಬೇತಿ ಪಡೆದ ರುಚಿ ನೋಡುವವರ ತಂಡಕ್ಕೆ ಹಣ್ಣಿನ ಪರಿಮಳ ಸಿಗಬೇಕು, ಒಂದು ದೋಷವೂ ಸಿಗಬಾರದು. ಬರೀ 'ವರ್ಜಿನ್' ಆದರೆ ಆಮ್ಲೀಯತೆ ಶೇ. 2ರವರೆಗೆ ಇರಬಹುದು, ಸಣ್ಣಪುಟ್ಟ ದೋಷವೂ ಇರಬಹುದು. 'ಪ್ಯೂರ್', 'ಲೈಟ್', ಇಲ್ಲವೇ ವಿಶೇಷಣವೇ ಇಲ್ಲದೆ 'ಆಲಿವ್ ಎಣ್ಣೆ' ಎಂದಿದ್ದರೆ ಅದು ಸಂಸ್ಕರಿಸಿ ವಾಸನೆ, ಬಣ್ಣ ತೆಗೆದ ಎಣ್ಣೆಗೆ ಒಂದಿಷ್ಟು ವರ್ಜಿನ್ ಬೆರೆಸಿದ್ದು. 'ಲೈಟ್' ಎಂಬಲ್ಲಿ ಹಗುರವಾಗಿರುವುದು ಬಣ್ಣ ಮತ್ತು ರುಚಿ. ಕೊಬ್ಬು ಅಷ್ಟೇ, ಕ್ಯಾಲೊರಿಯೂ ಅಷ್ಟೇ. 'ಪೊಮೇಸ್' ಎಂದರೆ ಗಾಣದಲ್ಲಿ ಉಳಿದ ಹಿಂಡಿಯಿಂದ ದ್ರಾವಕ ಬಳಸಿ ತೆಗೆದು ಸಂಸ್ಕರಿಸಿದ್ದು. ಅದು ವಿಷವೇನಲ್ಲ, ಕರಿಯಲು ಬಳಸುವವರಿದ್ದಾರೆ. ಆದರೆ ತಾಜಾತನದ ಚರ್ಚೆಗೆ ಅದು ಬರುವುದೇ ಇಲ್ಲ.

ಆಮ್ಲೀಯತೆಯ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಅದು ನಾಲಿಗೆಗೆ ಹುಳಿಯಾಗಿ ತಿಳಿಯುವಂಥದ್ದಲ್ಲ. ಕಾಯಿ ಜಜ್ಜಿದಾಗ, ಹುಳ ಕೊರೆದಾಗ, ರಾಶಿ ಬಿದ್ದು ಬೆಚ್ಚಗಾದಾಗ ಹಣ್ಣಿನೊಳಗಿನ ಕಿಣ್ವಗಳು ಕೊಬ್ಬನ್ನು ಒಡೆಯುತ್ತವೆ. ಹಾಗೆ ಬಿಡುಗಡೆಯಾದ ಕೊಬ್ಬಿನಾಮ್ಲಗಳ ಅಳತೆ ಅದು. ಕಡಿಮೆ ಇದ್ದರೆ ಕಾಯಿ ಆರೋಗ್ಯವಾಗಿತ್ತು, ಕೊಯ್ದ ಕೆಲವೇ ಗಂಟೆಗಳಲ್ಲಿ ಗಾಣ ಸೇರಿತು ಎಂದರ್ಥ. ಆದರೆ ಬಾಟಲಿಯಲ್ಲಿ ಕುಳಿತು ಎಣ್ಣೆ ಮುದಿಯಾಗುವಾಗ ಈ ಸಂಖ್ಯೆ ಹೆಚ್ಚೇನೂ ಏರುವುದಿಲ್ಲ. ಶೇ. 0.2 ಎಂದು ದೊಡ್ಡದಾಗಿ ಬರೆದ ಎಣ್ಣೆಯೂ ಕಮಟಾಗಿರಬಹುದು. ಅಷ್ಟೇ ಅಲ್ಲ, ಸಂಸ್ಕರಿಸಿದ ಆಲಿವ್ ಎಣ್ಣೆಗೆ ಇರುವ ಮಿತಿ ಶೇ. 0.3. ಅಂದರೆ ಸತ್ವವೆಲ್ಲ ತೊಳೆದುಹೋದ ಎಣ್ಣೆಗೂ ಈ ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬರುತ್ತದೆ.

ದೊಡ್ಡ ಪ್ರಮಾಣದಲ್ಲಿ ಕೊಳ್ಳುವವರು ಪ್ರಯೋಗಾಲಯದ ವರದಿ ಕೇಳಬೇಕು. ವರದಿಯಲ್ಲಿ ಪೆರಾಕ್ಸೈಡ್ ಮೌಲ್ಯ ಒಂದನ್ನೇ ನೋಡಿದರೆ ಮೋಸಹೋಗಬಹುದು. ಆಕ್ಸಿಡೀಕರಣದ ಮೊದಲ ಹಂತದಲ್ಲಿ ಅದು ಏರುತ್ತದೆ. ನಂತರ ಪೆರಾಕ್ಸೈಡ್‌ಗಳೇ ಒಡೆದು ಆಲ್ಡಿಹೈಡ್‌ಗಳಾದಾಗ ಇಳಿಯುತ್ತದೆ. ಆ ಆಲ್ಡಿಹೈಡ್‌ಗಳೇ ಕಮಟು ವಾಸನೆಯ ಮೂಲ. ಹೀಗಾಗಿ ಅತಿ ಹಳೆಯ ಎಣ್ಣೆಯ ಪೆರಾಕ್ಸೈಡ್ ಕೆಲವೊಮ್ಮೆ ಸಾಧುವಾಗಿ ಕಾಣುತ್ತದೆ. ಅದಕ್ಕೇ ಕೆ232 (ಮಿತಿ 2.50) ಮತ್ತು ಕೆ270 (ಮಿತಿ 0.22) ಎಂಬ ನೇರಳಾತೀತ ಅಳತೆಗಳನ್ನು ಜೊತೆಗಿಟ್ಟು ಓದಬೇಕು, ಎರಡನೆಯದು ಹಳೆಯ ಹಾನಿಯನ್ನೂ ಸಂಸ್ಕರಣೆಯ ಸುಳಿವನ್ನೂ ತೋರಿಸುತ್ತದೆ. ಆಸ್ಟ್ರೇಲಿಯಾ ಮತ್ತು ಕ್ಯಾಲಿಫೋರ್ನಿಯಾದ ಮಾನದಂಡಗಳಲ್ಲಿ ಇನ್ನೆರಡು ಅಳತೆಗಳಿವೆ: ಹಸಿರು ವರ್ಣದ್ರವ್ಯ ಹಾಳಾಗಿ ಹುಟ್ಟುವ ಪೈರೋಫಿಯೊಫೈಟಿನ್, ಮತ್ತು ತಾಜಾ ಎಣ್ಣೆಯಲ್ಲಿ ಹೆಚ್ಚಾಗಿರುವ ಒಂದು ಬಗೆಯ ಕೊಬ್ಬು, 1,2-ಡೈಗ್ಲಿಸರೈಡ್. ವಯಸ್ಸಾದಂತೆ, ಬಿಸಿ ತಾಗಿದಂತೆ ಮೊದಲನೆಯದು ಏರುತ್ತದೆ, ಎರಡನೆಯದು ಇಳಿಯುತ್ತದೆ. ನನ್ನ ಮಟ್ಟಿಗೆ ತಾಜಾತನ ಹೇಳುವುದರಲ್ಲಿ ಈ ಜೋಡಿಯೇ ಹೆಚ್ಚು ಪ್ರಾಮಾಣಿಕ. ವರದಿ ಯಾವುದಿದ್ದರೂ ಅದರ ದಿನಾಂಕ ನೋಡಿ, ಲಾಟ್ ಸಂಖ್ಯೆ ಡಬ್ಬಿಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಿ. ತುಂಬಿದ ದಿನದ ವರದಿ ಆವತ್ತಿನ ಸ್ಥಿತಿಯನ್ನು ಹೇಳುತ್ತದೆ, ಬಿಸಿಲಲ್ಲಿ ನಿಂತ ಕಂಟೇನರಿನಲ್ಲಿ ಎರಡು ತಿಂಗಳು ಸಾಗಿಬಂದ ಮೇಲಿನ ಸ್ಥಿತಿಯನ್ನಲ್ಲ.

'ಫಸ್ಟ್ ಕೋಲ್ಡ್ ಪ್ರೆಸ್ಡ್' ಎಂಬ ಮಾತಿಗೆ ಹಿಂದಿದ್ದ ತೂಕ ಈಗಿಲ್ಲ. ಚಾಪೆಗಳ ನಡುವೆ ಇಟ್ಟು ಹಿಂಡುತ್ತಿದ್ದ ಕಾಲದಲ್ಲಿ ಮೊದಲ ಹಿಂಡು, ಎರಡನೆಯ ಹಿಂಡು ಎಂದಿತ್ತು. ಈಗ ಬಹುತೇಕ ಗಾಣಗಳಲ್ಲಿ ಕಾಯಿಯನ್ನು ಅರೆದು, ಮುದ್ದೆಯನ್ನು ನಿಧಾನವಾಗಿ ಕಲಸಿ, ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ಎಣ್ಣೆ ಬೇರ್ಪಡಿಸುತ್ತಾರೆ. ಯುರೋಪಿಯನ್ ಒಕ್ಕೂಟದಲ್ಲಿ 27 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ತೆಗೆದರೆ 'ಕೋಲ್ಡ್ ಎಕ್ಸ್‌ಟ್ರಾಕ್ಷನ್' ಎಂದು ಬರೆಯಲು ಅನುಮತಿ. 'ಇಂಥ ದೇಶದಲ್ಲಿ ಪ್ಯಾಕ್ ಮಾಡಿದ್ದು' ಎಂಬುದೂ ಹಾಗೆಯೇ: ಬಾಟಲಿ ತುಂಬಿದ್ದು ಇಟಲಿಯಲ್ಲಾದರೂ ಕಾಯಿ ಬೆಳೆದದ್ದು ಟ್ಯುನೀಷಿಯಾದಲ್ಲೋ ಸ್ಪೇನ್‌ನಲ್ಲೋ ಇರಬಹುದು. ಟ್ಯುನೀಷಿಯಾದ ಎಣ್ಣೆ ಕೀಳೆಂದು ಇದರ ಅರ್ಥವಲ್ಲ. ತೋಟ, ತಳಿ, ಗಾಣ, ಕೊಯ್ಲಿನ ಕಾಲ ಇವನ್ನು ನಿಖರವಾಗಿ ಬರೆದ ಉತ್ಪಾದಕರಿಗೆ ಮುಚ್ಚಿಡುವುದು ಕಡಿಮೆ ಇರುತ್ತದೆ, ಅಷ್ಟೇ.

ತಳಿಯ ಹೆಸರು ತಿಳಿದಿದ್ದರೆ ರುಚಿಯನ್ನೂ ಬಾಳಿಕೆಯನ್ನೂ ಮೊದಲೇ ಅಂದಾಜು ಮಾಡಬಹುದು. ಸ್ಪೇನ್‌ನ ಪಿಕ್ವಾಲ್, ದಕ್ಷಿಣ ಇಟಲಿಯ ಕೊರಾಟಿನಾ, ಗ್ರೀಸ್‌ನ ಕೊರೊನೈಕಿ ಇವುಗಳಲ್ಲಿ ಎಣ್ಣೆ ಬೇಗ ಕೆಡದಂತೆ ಕಾಯುವ ಪಾಲಿಫಿನಾಲ್ ಎಂಬ ಸಂಯುಕ್ತಗಳು ಹೆಚ್ಚು, ಕಹಿ ಮತ್ತು ಘಾಟು ಜೋರು, ಬಾಳಿಕೆಯೂ ಚೆನ್ನ. ಅರ್ಬೆಕಿನಾ ಮೃದು, ಹೊಸಬರಿಗೆ ಹಿತ. ಆದರೆ ಬೇಗ ಸೊರಗುತ್ತದೆ. ಅರ್ಬೆಕಿನಾ ಕೊಳ್ಳುವುದಾದರೆ ವಯಸ್ಸಿನ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಿರಿ.

ಬಣ್ಣ? ಮರೆತುಬಿಡಿ. ರುಚಿ ನೋಡುವ ವೃತ್ತಿಯವರು ಗಾಢ ನೀಲಿ ಗಾಜಿನ ಲೋಟ ಬಳಸುವುದೇ ಬಣ್ಣ ಕಣ್ಣಿಗೆ ಬಿದ್ದು ಮನಸ್ಸು ವಾಲದಿರಲಿ ಎಂದು. ಫ್ರಿಜ್‌ನಲ್ಲಿಟ್ಟರೆ ಹೆಪ್ಪುಗಟ್ಟುವುದೇ ಅಸಲಿ ಎಂಬ ಪರೀಕ್ಷೆಯೂ ನಂಬಲರ್ಹವಲ್ಲ: ಹೆಪ್ಪುಗಟ್ಟುವುದು ತಳಿಯ ಮೇಣ ಮತ್ತು ಸ್ಯಾಚುರೇಟೆಡ್ ಕೊಬ್ಬಿನ ಪ್ರಮಾಣಕ್ಕೆ ತಕ್ಕಂತೆ. ಅಸಲಿಯೂ ತಿಳಿಯಾಗಿಯೇ ಉಳಿಯಬಹುದು, ಬೆರಕೆಯೂ ಗಟ್ಟಿಯಾಗಬಹುದು. ಬತ್ತಿ ಹೊಸೆದು ಹಚ್ಚಿ ನೋಡುವ ಪರೀಕ್ಷೆಯಂತೂ ಹಾಸ್ಯ. ಎಣ್ಣೆ ಯಾವುದಾದರೂ ಉರಿಯುತ್ತದೆ.

ಮನೆಯಲ್ಲಿ ಮಾಡಬಹುದಾದ ಒಂದೇ ನಂಬಿಕಸ್ಥ ಪರೀಕ್ಷೆ ಮೂಗು ಮತ್ತು ಗಂಟಲಿನದು. ಸಣ್ಣ ಲೋಟಕ್ಕೆ ಸುಮಾರು 15 ಮಿಲಿಲೀಟರ್, ಅಂದರೆ ಒಂದು ದೊಡ್ಡ ಚಮಚದಷ್ಟು ಸುರಿಯಿರಿ. ಒಂದು ಅಂಗೈಯಿಂದ ಲೋಟದ ಬಾಯಿ ಮುಚ್ಚಿ, ಇನ್ನೊಂದರಿಂದ ತಳ ಹಿಡಿದು ಒಂದೆರಡು ನಿಮಿಷ ಬೆಚ್ಚಗೆ ಮಾಡಿ. 28 ಡಿಗ್ರಿಯ ಆಸುಪಾಸು ಬಂದರೆ ಪರಿಮಳ ಬಿಡುತ್ತದೆ. ಕೈ ತೆಗೆದ ತಕ್ಷಣ ಮೂಸಿ. ಹೊಸದಾಗಿ ಕತ್ತರಿಸಿದ ಹುಲ್ಲು, ಕಿವುಚಿದ ಹಸಿ ಎಲೆ, ಟೊಮೆಟೊ ಗಿಡದ ಸೊಪ್ಪು, ಹಸಿ ಬಾದಾಮಿ, ಸೇಬು ಇಂಥ ಯಾವುದಾದರೂ ಜೀವಂತ ವಾಸನೆ ಬರಬೇಕು. ಬಳಿಕ ಸ್ವಲ್ಪ ಬಾಯಿಗೆ ಹಾಕಿ, ನಾಲಿಗೆಯ ಮೇಲೆಲ್ಲ ಹರಡಿ, ಹಲ್ಲಿನ ಸಂದಿಯಿಂದ ಗಾಳಿ ಎಳೆದು, ನುಂಗಿ. ನಾಲಿಗೆಯ ಹಿಂಭಾಗದಲ್ಲಿ ಕಹಿ, ನುಂಗಿದ ಕೆಲವು ಕ್ಷಣಗಳ ಬಳಿಕ ಗಂಟಲಲ್ಲಿ ಮೆಣಸು ತಾಗಿದಂಥ ಘಾಟು. ಕೆಮ್ಮು ಬಂದರೆ ಗಾಬರಿಯಾಗಬೇಡಿ. ಆ ಘಾಟು ಓಲಿಯೊಕ್ಯಾಂಥಲ್ ಎಂಬ ಸಂಯುಕ್ತದ್ದು. ಐಬುಪ್ರೊಫೇನ್ ದ್ರಾವಣ ನುಂಗಿದಾಗಲೂ ಗಂಟಲಿನ ಅದೇ ಜಾಗ ಉರಿಯುತ್ತದೆ ಎಂಬುದರಿಂದಲೇ 2005ರಲ್ಲಿ ವಿಜ್ಞಾನಿಗಳು ಈ ಎರಡರ ಹೋಲಿಕೆಯನ್ನು ಗುರುತಿಸಿದರು. ಕಹಿ, ಘಾಟು ಈ ಎಣ್ಣೆಯ ಗುಣಗಳು; ದೋಷವೆಂದು ಅಂಗಡಿಗೆ ವಾಪಸು ಕೊಡುವವರು ಹಲವು ಸಲ ಇದ್ದುದರಲ್ಲಿ ಉತ್ತಮವಾದುದನ್ನೇ ವಾಪಸು ಕೊಟ್ಟಿರುತ್ತಾರೆ.

ದೋಷಗಳ ವಾಸನೆ ಬೇರೆಯೇ. ಹಳೆಯ ಅಕ್ರೋಟು, ಮಕ್ಕಳ ಮೇಣದ ಬಣ್ಣದ ಕಡ್ಡಿ, ಕಿಟಕಿ ಗಾಜಿಗೆ ಮೆತ್ತುವ ಪುಟ್ಟಿ ನೆನಪಾದರೆ ಅದು ಕಮಟು. ಗಾಳಿ, ಬೆಳಕು, ಬಿಸಿ, ವಯಸ್ಸು ಇವುಗಳ ಫಲ. ಗೋಣಿಯಲ್ಲೋ ರಾಶಿಯಲ್ಲೋ ಗಾಳಿಯಾಡದೆ ಕೊಳೆಯಲು ಶುರುವಾದ ಕಾಯಿಯ ಎಣ್ಣೆಗೆ ಹುದುಗಿದ, ಬೆವರಿದ ಬಟ್ಟೆಯಂಥ ವಾಸನೆ. ವಿನೆಗರ್ ಅಥವಾ ಉಗುರುಬಣ್ಣದ ಘಮಲು ಬೇರೊಂದು ಬಗೆಯ ಹುದುಗುವಿಕೆಯಿಂದ. ಮುಗ್ಗಲು ವಾಸನೆ ಬೂಸ್ಟು ಹಿಡಿದ ಕಾಯಿಯಿಂದ. ಇವು ಮೂರೂ ಗಾಣಕ್ಕೆ ಮೊದಲೇ ಆದ ತಪ್ಪುಗಳು, ಹೊಸ ಎಣ್ಣೆಯಲ್ಲೂ ಇರಬಹುದು. ತಳದಲ್ಲಿ ಮಡ್ಡಿ ನಿಂತ, ಸೋಸದ ಎಣ್ಣೆಯನ್ನು 'ಸಹಜ' ಎಂದು ಹುಡುಕಿ ಕೊಳ್ಳುವವರಿದ್ದಾರೆ. ಆ ಮಡ್ಡಿಯಲ್ಲಿ ನೀರೂ ಹಣ್ಣಿನ ಚೂರೂ ಇರುತ್ತವೆ, ತಿಂಗಳುಗಟ್ಟಲೆ ಇಟ್ಟರೆ ಅದು ಹುದುಗಿ ಇಡೀ ಬಾಟಲಿಗೆ ಚರಂಡಿ ವಾಸನೆ ಹಚ್ಚುತ್ತದೆ. ಸೋಸದ್ದು ಬೇಕೇ ಬೇಕೆಂದರೆ ಕೊಯ್ಲಾದ ಕೆಲವೇ ತಿಂಗಳಲ್ಲಿ ಕೊಂಡು ಮುಗಿಸಿ.

ಕಮಟು ಗುರುತಿಸಲು ಮೂಗನ್ನು ಪಳಗಿಸುವುದು ಸುಲಭ. ಒಳ್ಳೆಯ ಎಣ್ಣೆಯಲ್ಲಿ ಎರಡು ಚಮಚ ಬೇರೆ ತೆಗೆದು, ತೆರೆದ ಗಾಜಿನ ಬಟ್ಟಲಲ್ಲಿ, ಬಿಸಿಲು ಬೀಳುವ ಕಿಟಕಿಯಲ್ಲಿ ಎರಡು ಮೂರು ವಾರ ಬಿಡಿ. ಆಮೇಲೆ ಬಾಟಲಿಯದನ್ನೂ ಇದನ್ನೂ ಪಕ್ಕಪಕ್ಕ ಇಟ್ಟು ಮೂಸಿ. ಒಮ್ಮೆ ತಿಳಿದ ವಾಸನೆ ಮತ್ತೆ ಮರೆಯುವುದಿಲ್ಲ.

ಅಂಗಡಿಯಲ್ಲಿ ಪಾರದರ್ಶಕ ಬಾಟಲಿ ಎಷ್ಟೇ ಚಂದ ಕಂಡರೂ ಮುಟ್ಟಬೇಡಿ. ಎಣ್ಣೆಯ ಹಸಿರಿಗೆ ಕಾರಣವಾದ ಕ್ಲೋರೊಫಿಲ್ ಕತ್ತಲಲ್ಲಿ ನಿರುಪದ್ರವಿ, ಬೆಳಕು ತಾಗಿದರೆ ಅದೇ ಎಣ್ಣೆಯನ್ನು ಕೆಡಿಸುವ ವೇಗವರ್ಧಕ. ಗಾಢ ಬಣ್ಣದ ಗಾಜು, ತಗಡಿನ ಡಬ್ಬಿ, ಇಲ್ಲವೇ ಒಳಗೆ ಚೀಲವಿರುವ ರಟ್ಟಿನ ಪೆಟ್ಟಿಗೆ ಸರಿ. ಪೆಟ್ಟಿಗೆಯೊಳಗಿನ ಚೀಲ ಎಣ್ಣೆ ಖಾಲಿಯಾದಂತೆ ಕುಗ್ಗುವುದರಿಂದ ಗಾಳಿ ಒಳಹೋಗುವುದಿಲ್ಲ. ಹೆಚ್ಚು ಬಳಸುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ದೀಪದ ಕೆಳಗೆ ನಿಂತ ಮುಂದಿನ ಸಾಲು ಬಿಟ್ಟು ಹಿಂದಿನ ಸಾಲಿನಿಂದ ತೆಗೆಯಿರಿ. ಹಾಗೆ ತೆಗೆದಾಗ ದಿನಾಂಕ ಮತ್ತೊಮ್ಮೆ ನೋಡಿ, ಹಿಂದೆ ಇರುವುದೇ ಹೊಸದೆಂದು ಹೇಳಲಾಗದು.

ಎಷ್ಟು ಕೊಳ್ಳಬೇಕು? ತೆರೆದ ಬಾಟಲಿಯನ್ನು ಆರು ವಾರದಲ್ಲಿ ಮುಗಿಸುವಷ್ಟು. ದಿನಕ್ಕೆ ಒಂದು ದೊಡ್ಡ ಚಮಚ ಬಳಸುವ ಮನೆಗೆ ಆರು ವಾರಕ್ಕೆ ಬೇಕಾಗುವುದು 630 ಮಿಲಿಲೀಟರ್; ಅರ್ಧ ಲೀಟರಿನ ಬಾಟಲಿ ಆ ಅವಧಿಯೊಳಗೇ ಮುಗಿಯುತ್ತದೆ. ಐದು ಲೀಟರಿನ ಡಬ್ಬಿ ಅಗ್ಗವೆಂದು ತಂದರೆ, ತೆರೆದ ದಿನವೇ ತೊಳೆದು ಪೂರ್ತಿ ಒಣಗಿಸಿದ ಸಣ್ಣ ಗಾಢ ಬಣ್ಣದ ಬಾಟಲಿಗಳಿಗೆ ಕಂಠದವರೆಗೆ ತುಂಬಿ ಬಿಗಿಯಾಗಿ ಮುಚ್ಚಿ. ಅರ್ಧ ಖಾಲಿಯಾದ ಡಬ್ಬಿಯಲ್ಲಿ ಎಣ್ಣೆಯಷ್ಟೇ ಗಾಳಿಯೂ ಇರುತ್ತದೆ. ಹಳೆಯದು ಉಳಿದಿರುವ ಪಾತ್ರೆಗೆ ಹೊಸದನ್ನು ಸುರಿಯಲೇಬೇಡಿ. ಗೋಡೆಗೆ ಅಂಟಿದ ಕಮಟು ಎಣ್ಣೆ ಹೊಸದನ್ನೂ ಬೇಗ ಎಳೆದುಕೊಂಡು ಹೋಗುತ್ತದೆ. ಮುಚ್ಚಳವಿಲ್ಲದ ಸುರಿಮೂತಿ, ಒಲೆಯ ಪಕ್ಕದ ಕಪಾಟು ಇವೆರಡೂ ಬೇಡ. 14ರಿಂದ 18 ಡಿಗ್ರಿ ಇರುವ ಕತ್ತಲ ಜಾಗ ಸಿಕ್ಕರೆ ಆದರ್ಶ. ಸಿಗದಿದ್ದರೆ ಮನೆಯಲ್ಲಿ ಇದ್ದುದರಲ್ಲೇ ತಂಪಾದ ಮೂಲೆ. ಫ್ರಿಜ್‌ನಲ್ಲಿ ಮೋಡ ಕವಿದಂತಾದರೆ ಹೊರಗಿಟ್ಟಾಗ ತಿಳಿಯಾಗುತ್ತದೆ, ಕೆಡುಕಿಲ್ಲ.

ತಂದ ದಿನವೇ ಒಂದು ಬಾಟಲಿ ತೆರೆದು ರುಚಿ ನೋಡಿ, ರಸೀದಿಯನ್ನೂ ಲಾಟ್ ಸಂಖ್ಯೆಯನ್ನೂ ಜೋಪಾನ ಮಾಡಿ. ಕಮಟಾಗಿದ್ದರೆ ಆಗಲೇ ವಾಪಸು ಕೊಡಬಹುದು. ಎರಡು ತಿಂಗಳ ಬಳಿಕ ಹೋದರೆ ಕೆಡಿಸಿದ್ದು ಅಂಗಡಿಯೋ ನಿಮ್ಮ ಅಡುಗೆಮನೆಯೋ ಎಂದು ಸಾಧಿಸಲು ದಾರಿಯಿರುವುದಿಲ್ಲ.