ಬೋರ್‌ವೆಲ್ ನೀರಿನ ಹಲ್ಲು, ಪಿಂಗಾಣಿಯ ಹೊದಿಕೆ

ಗೋವಾದ ವಾಸ್ಕೋದಲ್ಲಿ, ಅದರಲ್ಲೂ ಬೈನಾ, ಝುವಾರಿನಗರಗಳಲ್ಲಿ, ಗದಗ, ಕೊಪ್ಪಳ, ವಿಜಯಪುರದ ಕಡೆಯಿಂದ ಬಂದ ಕನ್ನಡದ ಮಂದಿ ಬಹಳ. ಅವರಲ್ಲಿ ಎಷ್ಟೋ ಜನ ನಕ್ಕಾಗ ಬಾಲ್ಯದಲ್ಲಿ ಕುಡಿದ ನೀರು ಎಂಥದೆಂದು ದಂತವೈದ್ಯರಿಗೆ ಗೊತ್ತಾಗಿಬಿಡುತ್ತದೆ. ಮುಂಬದಿಯ ಹಲ್ಲುಗಳ ಮೇಲೆ ಮಂಕು ಬಿಳಿ ಗೆರೆಗಳು, ನಡುವೆ ಕಂದು ಮಚ್ಚೆ, ಎಡಗಡೆ ಹೇಗೋ ಬಲಗಡೆಯೂ ಹಾಗೆಯೇ. ಇದು ಫ್ಲೋರೋಸಿಸ್, ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬೀಳುವ ಕಲೆ. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲವೆಂದಾದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಮುಂಡರಗಿ, ಕುಷ್ಟಗಿ ಕಡೆಯ ಎಷ್ಟೋ ಬೋರ್‌ವೆಲ್‌ಗಳು ಆ ಗೆರೆಯನ್ನು ದಾಟಿವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪಾಲು ಹೆಚ್ಚುತ್ತದೆ.

ಮುಂಬದಿಯ ಶಾಶ್ವತ ಹಲ್ಲುಗಳ ಎನಾಮಲ್, ಅಂದರೆ ಗಟ್ಟಿ ಹೊರಪದರ, ವಸಡಿನೊಳಗೇ ರೂಪುಗೊಳ್ಳುವ ಎಳೆ ವಯಸ್ಸಿನಲ್ಲಿ ಮಾತ್ರ ಈ ಕಲೆ ಹುಟ್ಟುತ್ತದೆ. ಎಂಟು ವರ್ಷ ದಾಟಿದ ಮೇಲೆ ಎಂಥ ನೀರು ಕುಡಿದರೂ ಮುಂದಿನ ಹಲ್ಲಿಗೆ ಫ್ಲೋರೋಸಿಸ್ ಬರುವುದಿಲ್ಲ. ಆದರೆ ಬಂದದ್ದು ಉಜ್ಜಿದರೆ ಹೋಗುವುದೂ ಇಲ್ಲ.

"ಡಾಕ್ಟ್ರ, ಮುಂದಿನ ತಿಂಗಳ ನಿಶ್ಚಯ ಐತ್ರಿ. ಮ್ಯಾಲಿನ ಹಲ್ಲಿಗೆಲ್ಲ ವೆನೀರ್ ಹಾಕಿಬಿಡ್ರಿ, ಬೆಳ್ಳಗ ಹೊಳೀಬೇಕ್ ನೋಡ್ರಿ" ಎಂದು ಹೋಟೆಲಿನ ರಿಸೆಪ್ಷನ್‌ನಲ್ಲಿ ಕೆಲಸ ಮಾಡುವ ಹುಡುಗನೊಬ್ಬ ಬಂದು ಕೂತ. ಮೊಬೈಲಿನಲ್ಲಿ ಯಾವನೋ ನಟನ ಫೋಟೊ. ವೆನೀರ್ ಅಂದರೆ ಹಲ್ಲಿನ ಮುಂಬದಿಗೆ ಅಂಟಿಸುವ ತೆಳು ಹೊದಿಕೆ, ಸಾಮಾನ್ಯವಾಗಿ ಪಿಂಗಾಣಿಯದು.

"ಅವಸರ ಬ್ಯಾಡ ತಮ್ಮಾ, ಮೊದ್ಲ ಬಾಯಿ ತಗಿ" ಎಂದು ತುಟಿ ಎಳೆದು ಹಿಡಿದು, ಗಾಳಿ ಊದಿ ಹಲ್ಲು ಒಣಗಿಸಿದೆ. ಅಲ್ಲಿಯವರೆಗೆ ಅಷ್ಟಾಗಿ ಕಾಣದಿದ್ದ ಬಿಳಿ ಮಚ್ಚೆಗಳು ಅರೆನಿಮಿಷದಲ್ಲಿ ಎದ್ದು ಕಂಡವು. ಎಂಜಲು ತಾಗಿದ್ದೇ ತಡ, ಮತ್ತೆ ಮಂಕಾದವು.

ಯಾಕೆ ಹೀಗೆ? ಒಳ್ಳೆಯ ಎನಾಮಲ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಎಷ್ಟು ಬಗ್ಗಿಸುತ್ತದೆ ಎಂಬ ಅಳತೆ, ಸುಮಾರು 1.62. ಬೆಳಕು ಅದರೊಳಗೆ ಹೆಚ್ಚು ಚದುರದೆ ಸಾಗುತ್ತದೆ, ಹಲ್ಲು ಅರೆಪಾರದರ್ಶಕವಾಗಿ ಕಾಣುತ್ತದೆ. ಫ್ಲೋರೋಸಿಸ್ ಹಲ್ಲಿನಲ್ಲಿ ಮೇಲ್ಪದರದ ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿರುತ್ತವೆ. ಅವುಗಳಲ್ಲಿ ನೀರಿದ್ದರೆ 1.33, ಗಾಳಿ ಹೊಕ್ಕರೆ 1. ವ್ಯತ್ಯಾಸ ಹೆಚ್ಚಿದಷ್ಟೂ ಬೆಳಕು ದಿಕ್ಕಾಪಾಲಾಗಿ ಚದುರಿ, ಬಿಳಿ ಕಣ್ಣಿಗೆ ಹೊಡೆಯುತ್ತದೆ. ಮಿರ್ಚಿ ಭಜಿ ಕಟ್ಟಿಕೊಟ್ಟ ಕಾಗದ ಎಣ್ಣೆ ಹೀರಿದ ಜಾಗದಲ್ಲಿ ತೆಳ್ಳಗೆ, ಆಚೆಯದು ಕಾಣುವಂತಾಗುತ್ತದಲ್ಲ, ಅದೂ ಇದೇ ಲೆಕ್ಕ: ನಾರುಗಳ ನಡುವಿನ ಗಾಳಿಯ ಜಾಗಕ್ಕೆ ಎಣ್ಣೆ ಬಂತು, ಬೆಳಕು ಚದುರುವುದು ಕಡಿಮೆಯಾಯಿತು.

ಇದೇ ಲೆಕ್ಕ ಹಿಡಿದು ಜರ್ಮನಿಯ ಸಂಶೋಧಕರು ಒಂದು ಚಿಕಿತ್ಸೆ ರೂಪಿಸಿದರು. ಮೇಲ್ಪದರವನ್ನು ಆಮ್ಲದಿಂದ ಚೂರು ಸವೆಸಿ, ಆ ರಂಧ್ರಗಳಿಗೆ ನೀರಿನಷ್ಟು ತೆಳುವಾದ ರೆಸಿನ್ (ಗಟ್ಟಿಯಾಗುವ ಅಂಟುದ್ರವ) ಇಳಿಸಿ, ಬೆಳಕು ಹಾಯಿಸಿ ಗಟ್ಟಿ ಮಾಡುವುದು. ರೆಸಿನ್‌ನ ಸೂಚ್ಯಂಕ 1.52, ಎನಾಮಲ್‌ಗೆ ಹತ್ತಿರ. ಮಚ್ಚೆ ಕೂತಲ್ಲೇ ಕರಗಿದಂತೆ ಕಾಣುತ್ತದೆ, ಡ್ರಿಲ್ ಮುಟ್ಟುವ ಪ್ರಮೇಯವೇ ಇಲ್ಲ. ತಿಳಿ ಕಂದು ಕಲೆಯಾದರೆ ಅದಕ್ಕೂ ಮೊದಲು ಆಮ್ಲ ಬೆರೆಸಿದ ಪೇಸ್ಟಿನಿಂದ ಮೇಲ್ಪದರವನ್ನು ತುಸುವೇ ಉಜ್ಜುವ ಮೈಕ್ರೋಅಬ್ರೇಶನ್, ಬೇಕಾದರೆ ಬ್ಲೀಚಿಂಗ್. ನನ್ನ ಹಟ ಇಷ್ಟೆ: ಇವನ್ನು ನೋಡಿಯೇ ವೆನೀರ್ ಮಾತು. ಯಾಕೆಂದರೆ ಎನಾಮಲ್ ಕಟ್ಟುವ ಜೀವಕೋಶಗಳು ಹಲ್ಲು ಹೊರಗೆ ಬರುವ ಹೊತ್ತಿಗೇ ಸತ್ತಿರುತ್ತವೆ. ಒಮ್ಮೆ ಉಜ್ಜಿ ತೆಗೆದದ್ದು ಮತ್ತೆ ಬೆಳೆಯುವುದಿಲ್ಲ.

ಹಾಗಂತ ವೆನೀರ್ ಕೆಟ್ಟದ್ದಲ್ಲ. ಕಂದು ಆಳಕ್ಕಿಳಿದು ಮೇಲ್ಮೈ ಗುಳಿಬಿದ್ದ ಹಲ್ಲಿಗೆ ಅದೇ ಸರಿ. ಕ್ಯಾಲಿಫೋರ್ನಿಯಾದ ಚಾರ್ಲ್ಸ್ ಪಿಂಕಸ್ ಎಂಬ ದಂತವೈದ್ಯ 1928ರ ಹೊತ್ತಿಗೆ ಸಿನಿಮಾ ನಟರಿಗೆ ಇಂಥ ಹೊದಿಕೆ ಮಾಡಿಕೊಡುತ್ತಿದ್ದ. ಅವು ಶೂಟಿಂಗ್ ಮುಗಿಯುವ ತನಕ ಅಂಟಿಕೊಂಡಿದ್ದರೆ ಸಾಕಿತ್ತು. ಗಟ್ಟಿಯಾಗಿ ಅಂಟುವ ದಾರಿ ತೋರಿಸಿದವರು ಮೈಕೇಲ್ ಬೂನೊಕೋರ್, 1955ರಲ್ಲಿ. ಎನಾಮಲ್‌ಗೆ ಫಾಸ್ಫಾರಿಕ್ ಆಮ್ಲ ಹಚ್ಚಿ ತೊಳೆದು ಒಣಗಿಸಿದರೆ ಹೊಳಪು ಹೋಗಿ ಸೀಮೆಸುಣ್ಣದ ಬಿಳುಪು ಬರುತ್ತದೆ. ಅಲ್ಲಿ ಎದ್ದ ಸೂಕ್ಷ್ಮ ಗುಳಿಗಳಲ್ಲಿ ರೆಸಿನ್ ಇಳಿದು ಬೇರೂರುತ್ತದೆ. 1980ರ ದಶಕದಲ್ಲಿ ಪಿಂಗಾಣಿಯ ಒಳಮೈಗೂ ಹೈಡ್ರೋಫ್ಲೋರಿಕ್ ಆಮ್ಲದಿಂದ ಹೀಗೇ ಮಾಡಬಹುದು ಎಂದಾದ ಮೇಲೆ ಇಂದಿನ ವೆನೀರ್ ನಿಂತಿತು. ಫ್ಲೋರೋಸಿಸ್ ಹಲ್ಲಿನ ತೀರ ಮೇಲಿನ ಪದರ ಆಮ್ಲಕ್ಕೆ ಬಗ್ಗುವುದು ಕಷ್ಟ, ಹೆಚ್ಚು ಹೊತ್ತು ಬೇಕು; ಈ ಕಡೆಯ ವೈದ್ಯರಿಗೆ ಗೊತ್ತಿರಲೇಬೇಕಾದ ಸಂಗತಿ. ಎನಾಮಲ್‌ಗೆ ಹಿಡಿದಷ್ಟು ಭದ್ರವಾಗಿ ಅದರ ಕೆಳಗಿನ ಡೆಂಟಿನ್‌ಗೆ ಅಂಟು ಹಿಡಿಯುವುದಿಲ್ಲ. ಆದ್ದರಿಂದ ಅರ್ಧ ಮಿಲಿಮೀಟರ್ ಆಸುಪಾಸಿನಲ್ಲೇ ಕೆಲಸ ಮುಗಿಯಬೇಕು.

ವೆನೀರ್ ಎಂದು ಹೇಳಿ ಸುತ್ತಲೂ ಉಜ್ಜಿ ಕ್ಯಾಪ್ ತೊಡಿಸುವವರಿದ್ದಾರೆ, ಎಚ್ಚರ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೂಗಿ ನೋಡಿತ್ತು: ವೆನೀರ್‌ಗಾಗಿ ವಸಡಿನ ಹೊರಗಿರುವ ಹಲ್ಲಿನ ಶೇ. 3ರಿಂದ 30ರಷ್ಟು ಹೋಗುತ್ತದೆ, ಪೂರ್ತಿ ಕ್ಯಾಪ್‌ಗೆ ಶೇ. 63ರಿಂದ 72. ಗೋವಾಕ್ಕೆ ರಜೆಗೆ ಬಂದು ಒಂದೇ ವಾರದಲ್ಲಿ ಬಾಯಿ ತುಂಬ ಹೊಸ ಹಲ್ಲು ಮಾಡಿಸಿಕೊಂಡು ವಿಮಾನ ಹತ್ತುವ ಆಸೆಯವರಿಗೆ ಈ ಲೆಕ್ಕ ಮೊದಲು ಹೇಳಬೇಕು.

ಬಣ್ಣ ಆರಿಸುವಾಗ ಕಿಟಕಿಯ ಹಗಲು ಬೆಳಕಿನಲ್ಲಿ ಕೂರಿಸಿ, ಲಿಪ್‌ಸ್ಟಿಕ್ ಒರೆಸಿಸಿ, ಬಾಯಿ ತೆರೆದ ಮೊದಲ ನಿಮಿಷದಲ್ಲೇ ಶೇಡ್ ಗೈಡ್ (ಹಲ್ಲಿನ ಬಣ್ಣದ ಮಾದರಿಗಳು) ಹಿಡಿಯಬೇಕು. ಗಂಟೆಗಟ್ಟಲೆ ತೆರೆದ ಬಾಯಲ್ಲಿ ಹಲ್ಲು ಒಣಗಿ ಬೆಳ್ಳಗಾಗಿರುತ್ತದೆ, ಮೇಲೆ ಹೇಳಿದ ಗಾಳಿಯದೇ ಕಿತಾಪತಿ. ಬ್ಲೀಚಿಂಗ್ ಮಾಡಿಸುವುದಿದ್ದರೆ ಮೊದಲೇ ಮಾಡಿಸಿ ಎರಡು ವಾರ ಬಿಡಬೇಕು: ಪಿಂಗಾಣಿ ಬ್ಲೀಚ್ ಆಗುವುದಿಲ್ಲ, ಹಲ್ಲಿನಲ್ಲಿ ಉಳಿದ ಆಮ್ಲಜನಕ ಅಂಟನ್ನು ಹಾಳುಮಾಡುತ್ತದೆ. ಮಾಕ್‌ಅಪ್ ಕೇಳಿ. ಡ್ರಿಲ್ ಮುಟ್ಟಿಸದೆಯೇ ಹೊಸ ಆಕಾರವನ್ನು ತಾತ್ಕಾಲಿಕ ರೆಸಿನ್‌ನಲ್ಲಿ ಹಲ್ಲಿನ ಮೇಲೆ ಮಾಡಿ ತೋರಿಸುತ್ತಾರೆ. ಕನ್ನಡಿಯಲ್ಲಿ ನಕ್ಕು, ಮಾತಾಡಿ ನೋಡಬಹುದು. ಖರ್ಚು ಕಡಿಮೆಯಾಗಲಿ ಎಂದರೆ ಕಾಂಪೋಸಿಟ್ ಇದೆ, ಹಲ್ಲಿನ ಬಣ್ಣದ ರೆಸಿನ್. ಬೇಗ ಬಣ್ಣ ಹಿಡಿಯುತ್ತದೆ, ಆದರೆ ತುಂಡಾದರೆ ಕೂತ ಕುರ್ಚಿಯಲ್ಲೇ ರಿಪೇರಿ. ಪಿಂಗಾಣಿ ಹತ್ತು ಹದಿನೈದು ವರ್ಷ ಆರಾಮಾಗಿ ಬಾಳುತ್ತದೆ, ಒಡೆದರೆ ಸಾಮಾನ್ಯವಾಗಿ ಹೊಸದೇ ಆಗಬೇಕು.

ಆ ಹುಡುಗನಿಗೆ ಆರು ಹಲ್ಲಿನಲ್ಲಿ ನಾಲ್ಕಕ್ಕೆ ರೆಸಿನ್ ಇಳಿಸಿದ್ದಾಯಿತು. ಗುಳಿಬಿದ್ದ ಮಧ್ಯದ ಎರಡಕ್ಕೆ ಮಾತ್ರ ಪಿಂಗಾಣಿ. ನಟನ ಬಿಳುಪು ಬರಲಿಲ್ಲವೆಂದು ಮುಖ ಸ್ವಲ್ಪ ಸಣ್ಣದು ಮಾಡಿದ, ನಾನು ಜಗ್ಗಲಿಲ್ಲ.

ಹಾಕಿಸಿಕೊಂಡ ಮೇಲೆ ಮಶೇರಿ (ಹಲ್ಲಿಗೆ ಉಜ್ಜುವ ಹುರಿದ ತಂಬಾಕಿನ ಪುಡಿ), ಇದ್ದಿಲ ಪುಡಿ, ಒರಟು ಬ್ರಷ್ ಮನೆಯಿಂದ ಹೊರಗೆ. ಗುಟ್ಕಾ, ಎಲೆಅಡಿಕೆ ಪಿಂಗಾಣಿಗೆ ಏನೂ ಮಾಡದಿದ್ದರೂ ಅಂಚಿನ ರೆಸಿನ್ ಗೆರೆಯನ್ನು ಕೆಂಪಾಗಿಸುತ್ತವೆ. ಏಡಿಯ ಕಾಲು ಒಡೆಯಲು ಕಲ್ಲು ಇದೆ, ಸೋಡಾ ಮುಚ್ಚಳಕ್ಕೆ ಓಪನರ್ ಇದೆ. ರಾತ್ರಿ ಹಲ್ಲು ಕಡಿಯುವವರು ನೈಟ್‌ಗಾರ್ಡ್ ಹಾಕಿಕೊಳ್ಳದೆ ಮಲಗಬಾರದು. ಮುಂದೆಂದಾದರೂ ಬೇರೆ ಕ್ಲಿನಿಕ್ಕಿನಲ್ಲಿ ಫ್ಲೋರೈಡ್ ಜೆಲ್ ಹಚ್ಚುವುದಾದರೆ ವೆನೀರ್ ಇದೆಯೆಂದು ಮೊದಲೇ ಹೇಳಿ: ಆಮ್ಲಯುಕ್ತ ಜೆಲ್ ಪಿಂಗಾಣಿಯ ಹೊಳಪು ತೆಗೆಯುತ್ತದೆ, ಆಮ್ಲವಿಲ್ಲದ ಸೋಡಿಯಂ ಫ್ಲೋರೈಡ್ ಸಿಗುತ್ತದೆ, ಅದನ್ನೇ ಕೇಳಿ ಹಚ್ಚಿಸಿಕೊಳ್ಳಿ.